ಪುಟ್ಟಿಗೆ ಹನ್ನೆರಡು ವಿಡಿಯೋ ಸಾಕು

ಆವತ್ತು ಬುಧವಾರ, ನನಗೆ ಮನೆಯಿಂದಲೇ ಕೆಲಸ. ಬೆಳಗ್ಗೆ ಹತ್ತೂವರೆಗೆ ಆಫೀಸಿನ ಕಾಲ್ ಇತ್ತು. ಗಂಡ ಆಗಲೇ ಹೊರಟುಹೋಗಿದ್ದರು, ಅತ್ತೆ ಪೂಜೆಗೆ ಕೂತಿದ್ದರು. ಮೂರೂವರೆ ವರ್ಷದ ಪುಟ್ಟಿ ದೋಸೆ ತಟ್ಟೆ ಮುಂದಿಟ್ಟುಕೊಂಡು ಒಂದು ಚೂರೂ ಬಾಯಿಗಿಡದೆ ಹಟ ಹಿಡಿದಿದ್ದಳು. ಗಡಿಯಾರ ನೋಡಿದೆ, ಇನ್ನು ನಾಲ್ಕು ನಿಮಿಷ. ನಿಮ್ಮಲ್ಲಿ ಎಷ್ಟೋ ಜನ ಮಾಡುವುದನ್ನೇ ನಾನೂ ಮಾಡಿದೆ. ತರಕಾರಿ ಹೆಸರು ಹೇಳಿಕೊಡುವ ಒಂದು ಹಾಡಿನ ವಿಡಿಯೋ ಹಾಕಿ, ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಕಾಲ್ ಮುಕ್ಕಾಲು ಗಂಟೆ ಎಳೆಯಿತು. ಹೊರಗಿನಿಂದ ಒಂದು ಸದ್ದೂ ಇಲ್ಲ. ಸದ್ದಿಲ್ಲ ಅಂದ್ರೆ ಎಲ್ಲ ಸರಿಯಾಗಿದೆ ಅಂತ ನನ್ನ ಲೆಕ್ಕ.

ಆಮೇಲೆ ಪುಟ್ಟಿ ಬಾಗಿಲು ತಳ್ಳಿಕೊಂಡು ಫೋನ್ ಹಿಡಿದು ಬಂದಳು. "ಅಮ್ಮಾ, ಆ ಪಾಪುನ ಯಾಕೆ ಕಟ್ಟಿಹಾಕಿ ಸೂಜಿ ಚುಚ್ತಾ ಇದಾರೆ?"

ನೋಡಿದೆ. ಎಲ್ಲ ಮಕ್ಕಳಿಗೂ ಗೊತ್ತಿರುವ ಕಾರ್ಟೂನ್ ಮುಖಗಳೇ, ಆದರೆ ಅಸಲಿ ಅಲ್ಲ. ಬಣ್ಣ ಒಂಚೂರು ಬೇರೆ, ಕಣ್ಣು ಒಂಚೂರು ದೊಡ್ಡದು. ಮಂಚಕ್ಕೆ ಕಟ್ಟಿದ ಒಂದು ಮಗು, ಅದರ ತೋಳಿಗಿಂತ ದಪ್ಪದ ಸಿರಿಂಜು, ಸುತ್ತ ನಿಂತವರೆಲ್ಲ ನಗುತ್ತಿದ್ದಾರೆ. ಹಿನ್ನೆಲೆಯಲ್ಲಿ ಮಾತ್ರ ಅದೇ ಶಿಶುಗೀತೆಯ ಟ್ಯೂನು.

ಆವತ್ತು ರಾತ್ರಿ ಅವಳು ಎರಡು ಸಲ ಎದ್ದು ಅತ್ತಳು. ಮೂರು ವಾರದ ನಂತರ ಜ್ವರ ಬಂತು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಕ್ಲಿನಿಕ್ಕಿನ ಬೋರ್ಡು ಕಂಡಿದ್ದೇ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ಇಳಿಯಲೇ ಇಲ್ಲ. ಅಲ್ಲಿಯವರೆಗೆ ಅವಳಿಗೆ ಆ ಡಾಕ್ಟರ್ ಅಂದ್ರೆ ಪೆಪ್ಪರಮೆಂಟ್ ಕೊಡೋ ಅಂಕಲ್.

ಯಾವ ಆ್ಯಪ್, ಯಾವ ಚಾನೆಲ್ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಫೋನ್ ಒರಗಿಸಿ ಬಾಗಿಲು ಹಾಕಿಕೊಂಡವಳು ನಾನು.

ಹನ್ನೊಂದು ವಿಡಿಯೋ, ಅದರಲ್ಲಿ ನನ್ನದು ಒಂದೇ

ಅವಳು ಮಲಗಿದ ಮೇಲೆ ಹಿಸ್ಟರಿ ತೆಗೆದು ನೋಡಿದೆ. ನಲವತ್ತಮೂರು ನಿಮಿಷಕ್ಕೆ ಹನ್ನೊಂದು ವಿಡಿಯೋ ಓಡಿದ್ದವು. ಮೊದಲನೆಯದನ್ನು ಆರಿಸಿದ್ದು ನಾನು. ಉಳಿದ ಹತ್ತನ್ನು ಆರಿಸಿದ್ದು ನಾನೂ ಅಲ್ಲ, ಪುಟ್ಟಿಯೂ ಅಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗಿತ್ತು. ತರಕಾರಿಯಿಂದ ಹಣ್ಣು, ಹಣ್ಣಿನಿಂದ ಬಣ್ಣದ ಮೊಟ್ಟೆ, ಮೊಟ್ಟೆ ಒಡೆದು ಆಟಿಕೆ, ಆಟಿಕೆಯಿಂದ ಡಾಕ್ಟರ್ ಸೆಟ್ಟು, ಅಲ್ಲಿಂದ ಈ ಸೂಜಿ. ಒಂದರಿಂದ ಒಂದಕ್ಕೆ ನೋಡಿದರೆ ಎಲ್ಲವೂ ಪಕ್ಕದ ಮನೆಯೇ. ಹನ್ನೊಂದನೆಯದಕ್ಕೆ ಬರುವ ಹೊತ್ತಿಗೆ ಊರೇ ಬೇರೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಮಕ್ಕಳ ವಿಡಿಯೋ ಅಲ್ಲ, ಸಾಮಾನು ಮಾರುವ ಆ್ಯಪು. ನೀವು ಒಂದು ಕುಕ್ಕರ್ ನೋಡಿದರೆ ಅದರ ಕೆಳಗೆ ಮುಂದೆ ಏನನ್ನು ತೋರಿಸಬೇಕು ಅಂತ ಲೆಕ್ಕ ಹಾಕುವ ತಂಡದಲ್ಲಿ ನಾನಿದ್ದೇನೆ. ಹಾಗಾಗಿ ಆ ಹಿಸ್ಟರಿ ನೋಡಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ನಾಚಿಕೆ ಆಯಿತು.

ಈ ಲೆಕ್ಕದ ಯಂತ್ರಕ್ಕೆ ಕೆಟ್ಟ ಉದ್ದೇಶ ಏನೂ ಇರುವುದಿಲ್ಲ. ಅದು ಅಳೆಯುವುದು ಬಹುಮಟ್ಟಿಗೆ ಕೆಲವೇ ಸಂಗತಿ: ಬೆರಳು ಇಟ್ಟರಾ, ಎಷ್ಟು ಹೊತ್ತು ಇದ್ದರು, ಮತ್ತೆ ಬಂದರಾ. ದೊಡ್ಡವರ ವಿಷಯದಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತೆ. ಯಾಕಂದ್ರೆ ನಮಗೆ ಬೇಡದ್ದು ಬಂದರೆ ನಮ್ಮ ಹೆಬ್ಬೆರಳೇ ಅದನ್ನು ಆಚೆ ತಳ್ಳುತ್ತೆ. ಮೂರು ವರ್ಷದ ಮಗು ತಳ್ಳುವುದಿಲ್ಲ. ಇಷ್ಟವಾದರೂ ನೋಡುತ್ತೆ, ಅರ್ಥವಾಗದಿದ್ದರೂ ನೋಡುತ್ತೆ, ಭಯವಾದರಂತೂ ಕಣ್ಣು ಮಿಟುಕಿಸದೆ ನೋಡುತ್ತೆ. ಯಂತ್ರದ ಲೆಕ್ಕದಲ್ಲಿ ಈ ಮೂರೂ ಒಂದೇ: "ಇಷ್ಟವಾಗಿದೆ, ಇಂಥದ್ದೇ ಇನ್ನೊಂದು ಕೊಡು."

ನಾನು ರೂಮಿನೊಳಗೆ ಕೂತು, ಸದ್ದಿಲ್ಲ ಅಂದ್ರೆ ಎಲ್ಲ ಸರಿ ಅಂದುಕೊಂಡೆನಲ್ಲ, ಅದೂ ಇಂಥದ್ದೇ ತಪ್ಪು ಲೆಕ್ಕ.

ಹಣೆಪಟ್ಟಿ ನಂಬಿದರೆ ಸಾಕಾ?

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಯೂಟ್ಯೂಬ್ ಮಕ್ಕಳಿಗಾಗಿಯೇ ಯೂಟ್ಯೂಬ್ ಕಿಡ್ಸ್ ಎಂಬ ಆ್ಯಪನ್ನು 2015ರಲ್ಲಿ ಅಮೆರಿಕದಲ್ಲಿ ಶುರು ಮಾಡಿತು. ಎರಡು ವರ್ಷದ ನಂತರ, 2017ರಲ್ಲಿ, ಜನಪ್ರಿಯ ಕಾರ್ಟೂನ್ ಪಾತ್ರಗಳ ವೇಷ ಹಾಕಿದ ಹಿಂಸೆಯ, ಅಸಹ್ಯದ ವಿಡಿಯೋಗಳು ಮಕ್ಕಳ ಕಣ್ಣಿಗೆ ಬೀಳುತ್ತಿವೆ ಎಂದು ದೊಡ್ಡ ಗಲಾಟೆ ಆಯಿತು. 'ಎಲ್ಸಾಗೇಟ್' ಅಂತಲೇ ಅದಕ್ಕೆ ಹೆಸರು ಬಿತ್ತು. ಕಂಪನಿ ಎಷ್ಟೋ ಚಾನೆಲ್‌ಗಳನ್ನು ತೆಗೆದುಹಾಕಿತು.

ಮತ್ತೆ 2019ರ ಸೆಪ್ಟೆಂಬರ್‌ನಲ್ಲಿ, ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಸಂಗ್ರಹಿಸಿದ ಆರೋಪದ ಪ್ರಕರಣದಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಅದಾದ ಮೇಲೆ 2020ರ ಜನವರಿಯಿಂದ ಯೂಟ್ಯೂಬಿನಲ್ಲಿ 'ಮಕ್ಕಳಿಗಾಗಿ ಮಾಡಿದ್ದು' ಅನ್ನುವ ಗುರುತು ಕಡ್ಡಾಯವಾಯಿತು. ಆ ಗುರುತಿರುವ ವಿಡಿಯೋಗಳ ಕೆಳಗೆ ಕಾಮೆಂಟ್ ಬರೆಯಲು ಆಗುವುದಿಲ್ಲ. ನೋಡುವವರ ಅಭ್ಯಾಸ ಹಿಂಬಾಲಿಸಿ ತೋರಿಸುವ ಜಾಹೀರಾತು ಬರುವುದಿಲ್ಲ.

ಇದು ಒಳ್ಳೆಯದೇ. ಆದರೆ ಇಲ್ಲಿ ನಮ್ಮಂಥ ಪೋಷಕರು ಎಡವುವ ಜಾಗ ಒಂದಿದೆ. ಆ ಗುರುತನ್ನು ಮೊದಲು ಹಾಕುವವರು ವಿಡಿಯೋ ಮಾಡಿದವರೇ. ಅದು ಹೇಳುವುದು ಇದು ಯಾರಿಗಾಗಿ ಮಾಡಿದ್ದು ಎಂದು. ಹೇಗಿದೆ ಅಂತ ಹೇಳುವುದಿಲ್ಲ. ಅಂಗಡಿಯಲ್ಲಿ 'ಮಕ್ಕಳ ಬಿಸ್ಕತ್ತು' ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಹಿಂದೆ ತಿರುಗಿಸಿ ಸಕ್ಕರೆ ಎಷ್ಟಿದೆ ಅಂತ ನಾವು ನೋಡಲ್ವಾ, ಹಾಗೆ. ವಿಡಿಯೋದ ಹಿಂಭಾಗದಲ್ಲಿ ಬರೆದಿರುವುದಿಲ್ಲ, ನಾವೇ ಕೂತು ನೋಡಬೇಕು.

ಆಫೀಸಿನ ಬುದ್ಧಿ ಮನೆಗೆ

ಮರುದಿನ ಆಫೀಸಿನಲ್ಲಿ ಹೊಸ ಸರ್ವರ್‌ಗೆ ಫೈರ್‌ವಾಲ್ ನಿಯಮ ಬರೆಯುತ್ತಾ ಕೂತಾಗ ತಲೆಗೆ ಹೊಳೆಯಿತು. ನಮ್ಮ ಕೆಲಸದಲ್ಲಿ ಒಂದು ಹಳೇ ಪಾಠ ಇದೆ: ಮೊದಲು ಎಲ್ಲ ಬಾಗಿಲು ಮುಚ್ಚು, ಆಮೇಲೆ ಬೇಕಾದ್ದನ್ನು ಮಾತ್ರ ಒಂದೊಂದಾಗಿ ತೆರೆ. ಎಲ್ಲವನ್ನೂ ತೆರೆದಿಟ್ಟು ಕೆಟ್ಟದ್ದು ಬಂದಾಗ ಒಂದೊಂದನ್ನೇ ತಡೆಯುತ್ತಾ ಹೋದರೆ ಜನ್ಮದಲ್ಲಿ ಮುಗಿಯಲ್ಲ. ಕಂಪನಿಯ ಸರ್ವರ್‌ಗೆ ಇಷ್ಟು ಜೋಪಾನ ಮಾಡುವ ನಾನು ಮಗಳ ವಿಷಯದಲ್ಲಿ ಉಲ್ಟಾ ಮಾಡಿದ್ದೆ. ಎಲ್ಲ ತೆರೆದಿಟ್ಟು, ಕೆಟ್ಟದ್ದು ಕಂಡರೆ ಬ್ಲಾಕ್ ಮಾಡಿದರಾಯಿತು ಅಂದುಕೊಂಡಿದ್ದೆ. ಬ್ಲಾಕ್ ಮಾಡುವ ಹೊತ್ತಿಗೆ ಅವಳು ನೋಡಿ ಆಗಿರುತ್ತೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ 'ಒಳ್ಳೆಯ ವಿಡಿಯೋ ಹುಡುಕುವ ಆ್ಯಪ್ ಯಾವುದು' ಅಂತ ಕೇಳುವುದನ್ನು ಬಿಟ್ಟೆ. 'ಪುಟ್ಟಿಗೆ ಒಟ್ಟು ಎಷ್ಟು ವಿಡಿಯೋ ಬೇಕು' ಅಂತ ಕೇಳಿಕೊಂಡೆ. ದಿನಕ್ಕೆ ಮೂರೋ ನಾಲ್ಕೋ. ಹಾಗಿದ್ರೆ ಹನ್ನೆರಡಿದ್ದರೆ ಸಾಕಲ್ಲ? ಹನ್ನೆರಡನ್ನು ನಾನೇ ನೋಡಿ ಆರಿಸುವುದೇನು ದೊಡ್ಡ ವಿಷಯ!

ಮಾಡಿದ್ದು ಹೀಗೆ. ಯೂಟ್ಯೂಬ್ ಕಿಡ್ಸ್‌ನ ಮೂಲೆಯಲ್ಲಿ ಬೀಗದ ಚಿತ್ರ ಇರುತ್ತೆ. ಅದನ್ನು ಒತ್ತಿದರೆ ಒಂದು ಗುಣಾಕಾರದ ಲೆಕ್ಕ ಕೇಳುತ್ತೆ. ಮಗು ದೊಡ್ಡದಾದ ಮೇಲೆ ಇದು ಸಾಲದು, ನಿಮ್ಮದೇ ಪಾಸ್‌ಕೋಡ್ ಹಾಕಿಕೊಳ್ಳಿ. ಒಳಗೆ ಮಗುವಿನ ಪ್ರೊಫೈಲ್‌ನಲ್ಲಿ ವಯಸ್ಸಿನ ಮೂರು ಹಂತಗಳಿವೆ: 4 ಮತ್ತು ಅದಕ್ಕಿಂತ ಚಿಕ್ಕವರು, 5ರಿಂದ 8, 9ರಿಂದ 12. ಬಹಳಷ್ಟು ಜನ ಇಲ್ಲಿಗೇ ನಿಲ್ಲುತ್ತಾರೆ. ಇವುಗಳ ಜೊತೆಗೇ ಇನ್ನೊಂದು ಆಯ್ಕೆ ಇದೆ: ಏನು ನೋಡಬೇಕು ಅನ್ನೋದಕ್ಕೆ ಪೋಷಕರೇ ಒಪ್ಪಿಗೆ ಕೊಡುವುದು. ಅದನ್ನು ಆರಿಸಿದರೆ ಹುಡುಕುವ ಸೌಲಭ್ಯ ಬಂದ್ ಆಗುತ್ತೆ, ನೀವು ಒಪ್ಪಿದ್ದು ಮಾತ್ರ ಕಾಣುತ್ತೆ. ಒಂದು ಎಚ್ಚರ: ಪೂರ್ತಿ ಚಾನೆಲ್ ಒಪ್ಪುವುದಕ್ಕಿಂತ ಒಂದೊಂದೇ ವಿಡಿಯೋ ಒಪ್ಪುವುದು ಮೇಲು. ಚಾನೆಲ್ ಒಪ್ಪಿದರೆ ನೀವು ನೋಡದೇ ಇರುವುದನ್ನೂ ಒಪ್ಪಿದ ಹಾಗೆ. ಅದೇ ಬೀಗದೊಳಗೆ ಟೈಮರ್ ಕೂಡ ಇದೆ. ದುಡ್ಡು ಕೊಟ್ಟು ಪ್ರೀಮಿಯಂ ತಗೊಳ್ಳದಿದ್ದರೆ ಜಾಹೀರಾತು ಬರಬಹುದು ಅನ್ನೋದೂ ನೆನಪಿರಲಿ.

ಮಗು ಆ ಆ್ಯಪಿನಿಂದ ಆಚೆ ಬಂದು ಬೇರೆ ಏನನ್ನೋ ಒತ್ತದಿರಲು ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನ್ ಪಿನ್ ಮಾಡುವ ಸೌಲಭ್ಯ ಇದೆ, ಐಫೋನಿನಲ್ಲಿ ಗೈಡೆಡ್ ಆ್ಯಕ್ಸೆಸ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಆನ್ ಮಾಡಿಟ್ಟು, ಫೋನ್ ಕೊಡುವಾಗ ಪ್ರತಿ ಸಲ ಶುರು ಮಾಡಿಕೊಳ್ಳಬೇಕು.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. ಮನೆಯಲ್ಲೇ ತೆಗೆದ ವಿಡಿಯೋಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಸಿಕ್ಕಿಸಿ. ನೆಟ್ಟೂ ಬೇಡ, ಪಾಸ್‌ಕೋಡೂ ಬೇಡ. ಟಿವಿಯ ದೊಡ್ಡ ಲಾಭ ಏನು ಗೊತ್ತಾ? ಅಡುಗೆಮನೆಯಲ್ಲಿದ್ದವರ ಕಿವಿಗೂ ಬೀಳುತ್ತೆ.

ಆರಿಸುವುದು ಹೇಗೆ?

ಎರಡು ಭಾನುವಾರ ಕೂತು ಅರವತ್ತಕ್ಕೂ ಹೆಚ್ಚು ವಿಡಿಯೋ ನೋಡಿದೆ. ಗಂಡ ಒಂದು ಎಕ್ಸೆಲ್ ಶೀಟ್ ಮಾಡಿಕೊಟ್ಟರು, ಇಂಜಿನಿಯರ್ ಮನೆ ಅಲ್ವಾ! ಕೊನೆಗೆ ಉಳಿದದ್ದು ಐದು ಪ್ರಶ್ನೆ.

ಮೊದಲನೆಯದು, ಎಷ್ಟು ವೇಗ? ಸೌಂಡ್ ಆಫ್ ಮಾಡಿ ಒಂದು ನಿಮಿಷ ನೋಡಿ, ಚಿತ್ರ ಎಷ್ಟು ಸಲ ಬದಲಾಗುತ್ತೆ ಅಂತ ಬೆರಳಲ್ಲಿ ಎಣಿಸಿ. ಬೆರಳು ಸಾಲದೆ ನಮಗೇ ತಲೆ ಸುತ್ತಿದರೆ ಅದು ಬೇಡ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ 60 ಮಕ್ಕಳ ಮೇಲೆ ಒಂದು ಸಣ್ಣ ಪ್ರಯೋಗ ಮಾಡಿದ್ದರು. ಕೆಲವರಿಗೆ ಒಂಬತ್ತು ನಿಮಿಷ ವೇಗದ ಕಾರ್ಟೂನ್, ಕೆಲವರಿಗೆ ನಿಧಾನದ ಶೈಕ್ಷಣಿಕ ಕಾರ್ಯಕ್ರಮ, ಉಳಿದವರಿಗೆ ಚಿತ್ರ ಬರೆಯುವ ಕೆಲಸ. ಆದ ಕೂಡಲೇ ತಾಳ್ಮೆ, ಗಮನ ಬೇಡುವ ಆಟಗಳನ್ನು ಕೊಟ್ಟಾಗ ವೇಗದ ಕಾರ್ಟೂನ್ ನೋಡಿದವರೇ ಹಿಂದೆ ಬಿದ್ದರು. ಒಂಬತ್ತೇ ನಿಮಿಷಕ್ಕೆ! ಆ ಪರಿಣಾಮ ಎಷ್ಟು ದಿನ ಇರುತ್ತೆ ಅಂತ ಆ ಪ್ರಯೋಗ ನೋಡಲಿಲ್ಲ. ಆದರೆ ಫೋನ್ ಕಿತ್ತುಕೊಂಡ ಮೇಲಿನ ಅರ್ಧ ಗಂಟೆ ನಮ್ಮನೆಯಲ್ಲಿ ಯಾಕೆ ಹಾಗಿರುತ್ತಿತ್ತು ಅಂತ ನನಗೆ ಒಂದು ಅಂದಾಜು ಸಿಕ್ಕಿತು.

ಎರಡನೆಯದು, ಕೇಳಿ ಕಾಯುತ್ತಾ? 'ಬೆಕ್ಕು ಎಲ್ಲಿ ಅಡಗಿದೆ?' ಅಂತ ಕೇಳಿ ಎರಡು ಕ್ಷಣ ಸುಮ್ಮನಿರುವ ವಿಡಿಯೋ ಬೇರೆ, ತಾನೇ ಕೇಳಿ ತಾನೇ ಉತ್ತರ ಹೇಳಿ ಓಡುವ ವಿಡಿಯೋ ಬೇರೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಕಾರ್ಯಕ್ರಮ ಈ ಕಾಯುವುದನ್ನೇ ತನ್ನ ಶೈಲಿ ಮಾಡಿಕೊಂಡಿತ್ತು. ಅಷ್ಟೇ ಅಲ್ಲ, ಒಂದೇ ಕಂತನ್ನು ವಾರಕ್ಕೆ ಐದು ದಿನ ತೋರಿಸುತ್ತಿದ್ದರು. ಮೊದಲ ದಿನ ಸುಮ್ಮನೆ ನೋಡುವ ಮಗು ಐದನೇ ದಿನ ಉತ್ತರ ಕೂಗುತ್ತೆ.

ಮೂರನೆಯದು, ಮುಗಿಯುತ್ತಾ? 'ಒಂದು ಗಂಟೆ ನಾನ್‌ಸ್ಟಾಪ್' ಅನ್ನುವ ಹಾಡಿನ ಸರಮಾಲೆಗಳನ್ನು ಪಟ್ಟಿಯಿಂದ ಕಿತ್ತುಹಾಕಿದೆ. ಕಥೆ ಐದಾರು ನಿಮಿಷದಲ್ಲಿ ಮುಗಿದರೆ ಮಗುವೇ ಉಸಿರು ಬಿಟ್ಟು ಎದ್ದೇಳುತ್ತೆ. ಮುಗಿಯದ್ದನ್ನು ನಾವು ನಡುವೆ ನಿಲ್ಲಿಸಿದರೆ ಅಳುತ್ತೆ. ನಾವು ಅದನ್ನು ಹಟ ಅಂತೀವಿ.

ನಾಲ್ಕನೆಯದು, ನೋಡಿದ ಮೇಲೆ ಮಾಡಲು ಏನಾದರೂ ಇದೆಯಾ? ಕಾಗದ ಮಡಚುವುದೋ, ಬೆಂಡೆಕಾಯಿ ತುಂಡಿಂದ ಅಚ್ಚು ಒತ್ತುವುದೋ, ಏನಾದರೂ ಸರಿ.

ಐದನೆಯದಕ್ಕೆ ನಮ್ಮನೆಯಲ್ಲಿ 'ಅಜ್ಜಿ ಪರೀಕ್ಷೆ' ಅಂತ ಹೆಸರು. ಅತ್ತೆ ಪಕ್ಕದಲ್ಲಿ ಕೂತು ನೋಡಿದರೆ ಅವರಿಗೆ ಅರ್ಥ ಆಗಬೇಕು, ಅದರ ಬಗ್ಗೆ ಮೊಮ್ಮಗಳ ಜೊತೆ ಮಾತಾಡಲು ಬರಬೇಕು. ಎಷ್ಟೋ ಕನ್ನಡ ವಿಡಿಯೋಗಳು ಈ ಪರೀಕ್ಷೆಯಲ್ಲೇ ಫೇಲಾದವು. ಒಂದರಲ್ಲಿ ಚಿತ್ರ ತೋರಿಸಿದ್ದು ಬಳೆ, ಧ್ವನಿ ಹೇಳಿದ್ದು 'ಬಲೆ'. ಅತ್ತೆ ತಕ್ಷಣ, "ಅಯ್ಯೋ, ಇದನ್ನ ಮಾಡಿದೋರಿಗೇ ಅಕ್ಷರ ಬರಲ್ವಲ್ಲಮ್ಮ, ನಮ್ಮ ಮಗೂಗೆ ಏನು ಕಲಿಸ್ತಾರೆ?" ಅಂದರು. ಕಂಪ್ಯೂಟರ್ ಧ್ವನಿಯಲ್ಲಿ ರಾಶಿ ರಾಶಿ ತಯಾರಾಗುವ ವಿಡಿಯೋಗಳಲ್ಲಿ ಇಂಥ ತಪ್ಪು ನಮಗೆ ಸಾಕಷ್ಟು ಸಿಕ್ಕವು. ಮಾತು ಕಲಿಯುವ ವಯಸ್ಸಿನ ಮಗು ಅದನ್ನೇ ಸರಿ ಅಂದುಕೊಳ್ಳುತ್ತೆ.

ಎಲ್ಲಿ ಹುಡುಕಿದೆ

ಕನ್ನಡದಲ್ಲಿ ಏನೂ ಇಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಪುಟಕ್ಕೆ ಒಂದೆರಡು ಸಾಲು, ತುಂಬಾ ಚಂದದ ಚಿತ್ರ. ಅದು ವಿಡಿಯೋ ಅಲ್ಲ ಅಂತ ಬಿಡಬೇಡಿ. ಅತ್ತೆ ಕನ್ನಡಕ ಹಾಕಿಕೊಂಡು ಟ್ಯಾಬ್ ಹಿಡಿದು ಓದಿದರೆ ಪುಟ್ಟಿಗೆ ಅದೇ ವಿಡಿಯೋ. ಬುಕ್‌ಬಾಕ್ಸ್‌ನವರ ಅನಿಮೇಷನ್ ಕಥೆಗಳಲ್ಲಿ ಹೇಳುವ ಮಾತೇ ಕೆಳಗೆ ಅಕ್ಷರದಲ್ಲೂ ಬರುತ್ತೆ, ಓದಲು ಶುರು ಮಾಡುವ ಮಕ್ಕಳಿಗೆ ಅದು ತುಂಬಾ ಉಪಯೋಗ. ಕೈಕೆಲಸಕ್ಕೆ ಅರವಿಂದ ಗುಪ್ತಾ ಅವರ ಕಿರುವಿಡಿಯೋಗಳು ಇವೆ. ಐಐಟಿ ಕಾನ್ಪುರದಲ್ಲಿ ಓದಿ, ಬೆಂಕಿಪೊಟ್ಟಣ, ಹಳೇ ಪೇಪರ್, ಸ್ಟ್ರಾಗಳಲ್ಲಿ ಆಟಿಕೆ ಮಾಡಿ ವಿಜ್ಞಾನ ಹೇಳಿಕೊಡುವ ಇವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಜಿ. ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳನ್ನು ಎಷ್ಟೋ ಜನ ಹಾಡಿ ಹಾಕಿದ್ದಾರೆ, ಹತ್ತು ಕೇಳಿ ಒಂದನ್ನು ಇಟ್ಟುಕೊಳ್ಳಿ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಶಾಲೆಯ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಆ ಪಾಠಕ್ಕೆ ಸಂಬಂಧಪಟ್ಟಿದ್ದೇ ತೆರೆದುಕೊಳ್ಳುತ್ತೆ.

ಹೀಗೆ ಒಂಬತ್ತು ಸಿಕ್ಕಿದವು. ಇನ್ನು ಮೂರು ಬೇಕಿತ್ತು.

ತಾತನ ಮೂರು ವಿಡಿಯೋ

ನನ್ನ ತವರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಒಂದು ದಿನ ಅಪ್ಪನಿಗೆ ಫೋನ್ ಮಾಡಿದಾಗ ಈ ಹುಡುಕಾಟದ ಕಥೆ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ಅಷ್ಟೇನಾ? ನಾನೇ ತೆಗೆದು ಕಳಿಸ್ತೀನಿ ಬಿಡು," ಅಂದರು. ತಮಾಷೆ ಅಂದುಕೊಂಡೆ. ಸಂಜೆ ಹೊತ್ತಿಗೆ ವಾಟ್ಸಾಪಿಗೆ ಬಂತು.

ಅಟ್ಟದ ಮೇಲೆ ಕಾಯಿ ರಾಶಿ. ಬೆಳಕು ಕಮ್ಮಿ, ಕ್ಯಾಮೆರಾ ಅಲುಗಾಡುತ್ತಿದೆ, ಅರ್ಧ ಚೌಕಟ್ಟಿನಲ್ಲಿ ಅಪ್ಪನ ಹೆಬ್ಬೆರಳು. "ಪುಟ್ಟೀ, ಇದೇನು ಹೇಳು?" ಅಂತ ಕೇಳಿ ಅಪ್ಪ ಸುಮ್ಮನಾದರು. ಫೋನನ್ನು ಇನ್ನೊಂದು ಕೈಗೆ ಬದಲಾಯಿಸುವಷ್ಟು ಹೊತ್ತು. ಆಮೇಲೆ ಒಂದು ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರಿನ ಸದ್ದು. "ಇದಿನ್ನೂ ಆಗಿಲ್ಲ." ಇನ್ನೊಂದನ್ನು ಅಲ್ಲಾಡಿಸಿದರು. ಗಡಗಡ ಅಂತು. "ಕೇಳಿಸ್ತಾ? ನೀರೆಲ್ಲ ಇಂಗೋಯ್ತು. ಒಳಗಡೆ ಕೊಬ್ಬರಿ ಬಿಟ್ಕೊಂಡು ಉಂಡೆ ಆಗಿದೆ. ಇದಕ್ಕೆ ಒಂದು ವರ್ಷ ಬೇಕು. ನೀನು ಹೋದ ಸಲ ಬಂದಿದ್ಯಲ್ಲ, ಆವಾಗ ಹಾಕಿದ್ದು ಇದು." ಕಾಯಿ ಒಡೆದು ಉಂಡೆ ಕೊಬ್ಬರಿ ತೆಗೆದು ತೋರಿಸಿ, "ಆಯ್ತು ಮಗಳೇ, ಹಾಲು ಕರೀಬೇಕು, ಬರ್ತೀನಿ," ಅಂದು ನಿಲ್ಲಿಸಿದರು. ಒಟ್ಟು ನಾಲ್ಕು ನಿಮಿಷ.

ನನ್ನ ಎಕ್ಸೆಲ್ ಶೀಟಿನ ಐದೂ ಕಾಲಂಗಳಲ್ಲಿ ಟಿಕ್ ಬಿತ್ತು. ಒಂದೇ ದೃಶ್ಯ, ಕೇಳಿ ಕಾದರು, ಕಥೆ ಮುಗಿಯಿತು, ಮಾಡಲು ಕೆಲಸ ಇದೆ. ಕನ್ನಡದ ಬಗ್ಗೆ ಅಂತೂ ಅತ್ತೆ ತಕರಾರು ಎತ್ತಲಿಲ್ಲ. ಆಮೇಲೆ ಕರುವಿಗೆ ಹಾಲು ಕುಡಿಸುವುದು, ತೋಟಕ್ಕೆ ನೀರು ಬಿಡುವುದು, ಇವೂ ಬಂದವು. ಪಟ್ಟಿ ಹನ್ನೆರಡಕ್ಕೆ ಮುಟ್ಟಿತು. ಒಂದು ಮಾತು: ಇಂಥ ಮನೆಯ ವಿಡಿಯೋಗಳನ್ನು ಎಲ್ಲರಿಗೂ ಕಾಣುವ ಹಾಗೆ ಎಲ್ಲಿಗೂ ಏರಿಸಬೇಡಿ. ಮಗುವಿನ ಹೆಸರು, ಮುಖ, ಮನೆ ಎಲ್ಲ ಅದರಲ್ಲಿರುತ್ತೆ. ಫೋನಿನಲ್ಲೋ ಪೆನ್‌ಡ್ರೈವಿನಲ್ಲೋ ಇರಲಿ.

ಅಪ್ಪನ ವಿಡಿಯೋ ಯಾಕೆ ಅಷ್ಟು ಹಿಡಿಸಿತು ಅಂತ ಯೋಚಿಸಿದಾಗ 2003ರ ಒಂದು ಪ್ರಯೋಗ ನೆನಪಾಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಹ್ಲ್ ಮತ್ತು ಅವರ ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಪರದೆ ಮೇಲೆ ಬಂದಾಗ ಕಲಿಯಲಿಲ್ಲ. ಪುಟ್ಟಿ ಈಗ ಅಷ್ಟು ಚಿಕ್ಕವಳಲ್ಲ. ಆದರೂ ತಾತನ ವಿಡಿಯೋ ನೋಡಿದ ದಿನ ಅವಳು ಸಂಜೆ ವಿಡಿಯೋ ಕಾಲ್‌ನಲ್ಲಿ ತಾತನನ್ನೇ ವಿಚಾರಿಸುತ್ತಾಳೆ, "ತಾತ, ಇನ್ನೊಂದು ಕಾಯಿ ಆಯ್ತಾ?" ಬೇರೆ ವಿಡಿಯೋದಲ್ಲಿರುವವರನ್ನು ಹೀಗೆ ಕೇಳಲು ಆಗುವುದಿಲ್ಲವಲ್ಲ.

ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷ ತುಂಬುವವರೆಗೆ ಕೂತು ಪರದೆ ನೋಡುವುದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳುವುದೂ ಸುಮಾರು ಇದೇ. ಎರಡು ವರ್ಷದೊಳಗೆ ಬೇಡ, ಅಪರೂಪಕ್ಕೆ ನೆಂಟರ ಜೊತೆ ವಿಡಿಯೋ ಕಾಲ್ ಆದರೆ ಪರವಾಗಿಲ್ಲ. ಎರಡರಿಂದ ಐದರವರೆಗೆ ಒಂದು ಗಂಟೆಯೊಳಗೆ.

ಈ ಒಂದು ಗಂಟೆಯನ್ನು ನಾನು ದಿನಾ ಪಾಲಿಸುತ್ತೇನೆ ಅಂತ ಬರೆದರೆ ಸುಳ್ಳಾಗುತ್ತೆ. ಅತ್ತೆಗೆ ಮಂಡಿನೋವು ಜಾಸ್ತಿಯಾದ ದಿನ, ನನ್ನ ರಿಲೀಸ್ ಇರುವ ದಿನ ಗಂಟೆ ದಾಟಿದೆ. ಹಬ್ಬಕ್ಕೆ ಬಂದ ನೆಂಟರೊಬ್ಬರು, "ಈಗಿನ ತಾಯಂದಿರು ಮೊಬೈಲ್ ಕೊಟ್ಟು ಮಕ್ಕಳನ್ನ ಬೆಳೆಸ್ತಾರೆ," ಅಂದಾಗ ನನಗೆ ಬಾಯಿ ಬರಲಿಲ್ಲ. ಉತ್ತರ ಕೊಟ್ಟಿದ್ದು ಅತ್ತೆ. "ನಾವು ಬೆಳೆಸುವಾಗ ಮನೇಲಿ ಹನ್ನೊಂದು ಜನ ಇದ್ವಿ. ಒಬ್ರಲ್ಲ ಒಬ್ರು ಎತ್ಕೋತಿದ್ರು. ಈಗ ಇರೋದು ನಾನೊಬ್ಳು, ನನ್ನ ಮಂಡಿ ಹಿಂಗೆ. ಅವಳು ಏನ್ ಮಾಡ್ಬೇಕು?" ಇದನ್ನು ಓದುತ್ತಾ ಒಳಗೊಳಗೇ ಅಪರಾಧಿ ಭಾವ ಪಡುವ ಅಮ್ಮಂದಿರಿಗೆ, ಅಪ್ಪಂದಿರಿಗೆ ನಮ್ಮ ಅತ್ತೆಯ ಈ ಮಾತನ್ನು ಹಾಗೇ ದಾಟಿಸುತ್ತಿದ್ದೇನೆ. ಫೋನ್ ಕೊಡಬೇಕಾದ ಪರಿಸ್ಥಿತಿ ಬರುತ್ತೆ. ಕೊಡುವ ಮುಂಚೆ ಅದರಲ್ಲಿ ಏನಿದೆ ಅನ್ನೋದು ನಮ್ಮ ಕೈಯಲ್ಲಿದೆ.

ಮೊದಲ ಮೂರು ದಿನ ಮನೆ ರಣರಂಗ ಆಗಿತ್ತು. "ಬೇರೆ ಹಾಕು, ಬೇರೆ ಹಾಕು" ಅಂತ ಒಂದೇ ಅಳು. ನಾಲ್ಕನೇ ದಿನ ಕಮ್ಮಿಯಾಯಿತು. ಎರಡನೇ ವಾರಕ್ಕೆ ಅವಳೇ, "ಕರು ಹಾಕು, ಆಮೇಲೆ ಕೊಬ್ಬರಿ ಹಾಕು" ಅಂತ ಆರ್ಡರ್ ಮಾಡತೊಡಗಿದಳು. ಹನ್ನೆರಡೇ ವಿಡಿಯೋ, ಬೇಜಾರಾಗಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ನನಗೆ ಆಗುತ್ತೆ, ಪುಟ್ಟಿಗೆ ಆಗುವುದಿಲ್ಲ. ಒಂದೇ ಕಥೆಯನ್ನು ನಲವತ್ತು ಸಲ ಹೇಳಿಸಿಕೊಂಡು ನಾವೂ ಬೆಳೆದವರೇ ಅಲ್ವಾ. ತಿಂಗಳಿಗೊಮ್ಮೆ ಎರಡು ತೆಗೆದು ಎರಡು ಹಾಕುತ್ತೇನೆ, ಅಷ್ಟೇ.

ನನ್ನ ಕೆಲಸವನ್ನು ನಾನು ಬಿಟ್ಟಿಲ್ಲ. 'ಮುಂದೆ ಏನು ತೋರಿಸಬೇಕು' ಅಂತ ದಿನಾ ಲೆಕ್ಕ ಹಾಕುತ್ತೇನೆ. ಆದರೆ 1969ರಲ್ಲಿ 'ಸೆಸಮಿ ಸ್ಟ್ರೀಟ್' ಮಾಡಿದವರ ಕಥೆ ಓದಿದಾಗಿನಿಂದ ಒಂದು ಯೋಚನೆ ಕಾಡುತ್ತೆ. ಅವರೂ ನಮ್ಮ ಹಾಗೆಯೇ ಅಳೆದವರು. ಮಕ್ಕಳ ಮುಂದೆ ಟಿವಿ ಇಟ್ಟು, ಪಕ್ಕದಲ್ಲಿ ಬೇರೆ ಚಿತ್ರಗಳ ಸ್ಲೈಡ್ ಓಡಿಸಿ, ಮಗುವಿನ ಕಣ್ಣು ಯಾವಾಗ ಟಿವಿಯಿಂದ ಆಚೆ ಹೋಗುತ್ತೆ ಅಂತ ಬರೆದುಕೊಳ್ಳುತ್ತಿದ್ದರು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ನೋಡಿದ ಮಗು ಏನು ಕಲಿಯಿತು ಅಂತಲೂ ಪರೀಕ್ಷೆ ಮಾಡಿದರು. ನಮ್ಮ ಲೆಕ್ಕದಲ್ಲಿ ಆ ಎರಡನೇ ಕಾಲಂ ಇಲ್ಲ. ಮನೆಯಲ್ಲಿ ಅದನ್ನು ತುಂಬುವವರು ನಾವೇ ಆಗಬೇಕು.

ಕಳೆದ ವಾರ ಚಟ್ನಿಗೆ ಅಂತ ಕಾಯಿ ಒಡೆಯಲು ಹೊರಟಿದ್ದೆ. ಪುಟ್ಟಿ ಓಡಿಬಂದು, "ತಾಳಮ್ಮ" ಅಂತ ನನ್ನ ಕೈಯಿಂದ ಕಾಯಿ ಇಸಿದುಕೊಂಡು, ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಕಣ್ಣು ಮುಚ್ಚಿಕೊಂಡು ಕೇಳಿದಳು.

"ನೀರು ಸದ್ದು ಬರ್ತಾ ಇದೆ. ಇದಿನ್ನೂ ಆಗಿಲ್ಲ. ಅಟ್ಟಕ್ಕೆ ಹಾಕು."

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಟ್ಟ ಎಲ್ಲಿಂದ ತರೋದು? ಕಾಯಿಯನ್ನು ಬೀರುವಿನ ಮೇಲಿಟ್ಟೆ. ಆವತ್ತು ಚಟ್ನಿಗೆ ಬೇರೆ ಕಾಯಿ ಒಡೆದೆ, ಅವಳಿಗೆ ಗೊತ್ತಾಗದ ಹಾಗೆ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮನೆ ಪುಟ್ಟಂದೋ ಪುಟ್ಟಿಯದೋ ಪಟ್ಟಿ ಶುರು ಮಾಡಿ. ಹನ್ನೆರಡು ಆಗದಿದ್ದರೆ ಐದಾದರೂ ಸಾಕು. ಅದರಲ್ಲಿ ಒಂದನ್ನು ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಹೇಳಿ ತೆಗೆಸಿ. ಕ್ಯಾಮೆರಾ ಅಲುಗಾಡಿದರೆ ಅಲುಗಾಡಲಿ.